ಶನಿವಾರ ಬಟ್ಟೆ ಒಣಹಾಕಬಾರದು

ಮಾರ್ಚ್ 5, ಸೋಮವಾರ

ದವಾಖಾನೆಯ ನರ್ಸ್ ಜೋಆನ್ ಈ ಪುಸ್ತಕ ಕೊಟ್ಟಿದ್ದಾಳೆ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಮೂರು ಸಲ ಹೋದೆ. ಮಾತ್ರೆ ಕೊಡುತ್ತಾಳೆ ಅಂದುಕೊಂಡರೆ ನೋಟುಬುಕ್ಕು ಕೊಟ್ಟಳು. "ಹೆದರಿಕೆ ಆದದ್ದನ್ನೆಲ್ಲ ಬರೀರಿ ನೋರ್ಮಾ. ಕೊನೆಗೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ," ಎಂದಳು. ಬರೆಯುವುದು ನನಗೆ ಬಂದದ್ದೇ ಕಷ್ಟದಲ್ಲಿ. ಅಮ್ಮ ಹಾಸಿಗೆ ಹಿಡಿದಾಗ ನನಗೆ ಹದಿಮೂರು, ಆಮೇಲೆ ಶಾಲೆಗೆ ಹೋದ ದಿನಕ್ಕಿಂತ ಹೋಗದ ದಿನವೇ ಹೆಚ್ಚು. ತಪ್ಪು ಇದ್ದರೆ ಇರಲಿ. ಯಾರೂ ಓದುವುದಿಲ್ಲ ಎಂದು ಜೋಆನ್ ಕೈಲಿ ಮಾತು ತೆಗೆದುಕೊಂಡೇ ಬಂದಿದ್ದೇನೆ.

ಇವತ್ತಿನ ಹೆದರಿಕೆ: ಪಕ್ಕದ ಹದಿನೈದನೆ ನಂಬರಿನ ಮನೆಗೆ ಮಂಚ ಬಂತು. ಒಂದಲ್ಲ, ನಾಲ್ಕು. ಮೂರು ವರ್ಷದಿಂದ ಹಲಗೆ ಹೊಡೆದು ಮುಚ್ಚಿದ್ದ ಮನೆ. ಯುದ್ಧಕ್ಕೆ ಊರು ಬಿಟ್ಟ ಸಿರಿಯಾದವರಂತೆ, ಊರಿನ ಕೌನ್ಸಿಲ್‌ನವರೇ ಕರೆತರುತ್ತಿದ್ದಾರಂತೆ. ನನ್ನ ಗಂಡ ಕ್ಲಿಫ್ ಇದ್ದಿದ್ದರೆ ಏನೋ ಒಂದು ಅಂದು ನಗಿಸುತ್ತಿದ್ದ. ನವೆಂಬರಿನಲ್ಲಿ ಅವನು ಹೋದ. ನನಗೆ ಬಿಟ್ಟದ್ದು ಹಿತ್ತಲಿನ ಗೂಡು, ಅದರಲ್ಲಿ ಹತ್ತೊಂಬತ್ತು ಪಂದ್ಯದ ಪಾರಿವಾಳ.

ಕ್ಲಿಫ್‌ನ ತಮ್ಮ ಡೆನಿಸ್ ಬಂದಿದ್ದ. ಫೋನಿನಲ್ಲಿ ಒಬ್ಬ ಕೋಟಿನವನು ಯೂರೋಪಿನ ನಕ್ಷೆ ಇಟ್ಟುಕೊಂಡು ಕೆಂಪು ಬಾಣಗಳನ್ನು ತೋರಿಸುತ್ತಿದ್ದ. ಬಾಣಗಳೆಲ್ಲ ನಮ್ಮ ಕಡೆಗೇ. ಪಶ್ಚಿಮದ ನಾಗರಿಕತೆಗೆ ಇನ್ನು ಇಪ್ಪತ್ತು ವರ್ಷವಂತೆ. "ರೋಮ್ ಬಿದ್ದದ್ದೂ ಹೀಗೇ ನೋರ್ಮಾ, ಒಳಗೆ ಬಿಟ್ಕೊಂಡು ಬಿಟ್ಕೊಂಡು," ಎಂದ ಡೆನಿಸ್. ಇಪ್ಪತ್ತು ವರ್ಷಕ್ಕೆ ನನಗೆ ತೊಂಬತ್ತೊಂದು. ಆಗ ಓಡುವುದಕ್ಕಾಗುತ್ತದೆಯೇ?

ಹತ್ತಕ್ಕೆ ಒಂಬತ್ತು.

ಮಾರ್ಚ್ 8, ಗುರುವಾರ

ಬಂದರು. ಪರದೆಯ ಸಂದಿಯಿಂದ ಎಣಿಸಿದೆ. ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು, ಒಬ್ಬ ಮುದುಕ. ಐದು. ಮಂಚ ನಾಲ್ಕು. ಲೆಕ್ಕ ಸರಿಹೋಗುತ್ತಿಲ್ಲ, ಇನ್ನೂ ಬರುವವರಿದ್ದಾರೋ ಏನೋ. (ಆಮೇಲೆ ಹೊಳೆಯಿತು, ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗುತ್ತಾರೆ.)

ಮುದುಕ ಹಿಂಬದಿ ಓಣಿಯಲ್ಲಿ ನಿಂತು ನಮ್ಮ ಗೂಡನ್ನೇ ನೋಡುತ್ತಿದ್ದ. ಅರ್ಧ ಗಂಟೆ. ಕದಲಲಿಲ್ಲ.

ಡೆನಿಸ್‌ಗೆ ಫೋನು ಮಾಡಿದೆ. "ತಿನ್ನೋಕೆ ನೋಡ್ತಾನೆ. ಅಲ್ಲಿ ಪಾರಿವಾಳಕ್ಕೆ ಮಸಾಲೆ ತುಂಬಿ ತಿಂತಾರೆ ಕಣೇ," ಎಂದ. ಅಂಗಡಿಗೆ ಹೋಗಿ ಎರಡು ಬೀಗ ತಂದೆ. ಬರುವಾಗ ಡಬ್ಬಿ ಬೀನ್ಸು ಆರು, ಪೀಚ್ ಹಣ್ಣಿನ ಡಬ್ಬಿ ನಾಲ್ಕು, ಮೇಣದಬತ್ತಿ ಒಂದು ಕಟ್ಟು. ಮೆಟ್ಟಿಲ ಕೆಳಗಿನ ಕಪಾಟು ತುಂಬಿತು. ಎಲ್ಲಾ ಮುಗಿದುಹೋಗುವ ದಿನ ನೀರೂ ನಿಲ್ಲುತ್ತದಂತೆ. ನೀರು ಎಲ್ಲಿಡಲಿ?

ಒಂಬತ್ತೂವರೆ.

ಮಾರ್ಚ್ 17, ಶನಿವಾರ

ತೀರ್ಮಾನ ಆಯಿತು. ಮನೆ ಮಾರುತ್ತೇನೆ. ಕಡಲ ಊರಿನಲ್ಲಿ ಅಕ್ಕ ಜೀನ್ ಇದ್ದಾಳೆ, ಅವಳ ಬೀದಿಯಲ್ಲಿ ಎಲ್ಲ ನಮ್ಮಂಥವರೇ. ಬಾಗಿಲ ಮುಂದೆ "ಮಾರಾಟಕ್ಕಿದೆ" ಎಂಬ ಬೋರ್ಡು ನೆಟ್ಟು ಹೋದರು.

ಹಕ್ಕಿಗಳದ್ದೇ ಸಂಕಟ. ಪಂದ್ಯದ ಪಾರಿವಾಳವನ್ನು ಯಾರಿಗೂ ಕೊಡಲು ಬರುವುದಿಲ್ಲ. ಎಲ್ಲಿಗೆ ಒಯ್ದರೂ, ಬಾಗಿಲು ತೆಗೆದ ದಿನ ಹುಟ್ಟಿದ ಗೂಡಿಗೇ ವಾಪಸು. ಬೀಗ ಹಾಕಿದ ಮನೆಯ ಮಾಡಿನ ಮೇಲೆ ಕೂತು ಸಾಯುತ್ತವೆ. ಡೆನಿಸ್ ಇರುವುದು ಎರಡನೆ ಮಹಡಿಯಲ್ಲಿ, ಮಂಡಿ ನೋವಿಗೆ ತನ್ನ ಹಕ್ಕಿಗಳನ್ನೇ ಬಿಟ್ಟವನು. "ಮೇ ಕೊನೆಗೆ ನಾನೇ ಬಂದು ಕತ್ತು ಮುರೀತೀನಿ. ನೋವಾಗದ ಹಾಗೆ ಮಾಡ್ತೀನಿ. ನೀನು ಆವತ್ತು ಜೀನ್ ಮನೇಲಿರು," ಎಂದ. ನಾನು ಹೂಂ ಅಂದೆ.

ಕ್ಲಿಫ್ ಹಕ್ಕಿಗೆ ಹೆಸರಿಡುತ್ತಿರಲಿಲ್ಲ, ಹೆಸರಿಟ್ಟರೆ ಕತ್ತು ಮುರಿಯಲು ಕೈ ಬರುವುದಿಲ್ಲ ಎನ್ನುತ್ತಿದ್ದ. ಕಾಲುಂಗುರದ ನಂಬರೇ ಹೆಸರು. ಆ ನೀಲಿ ಹೆಣ್ಣು ನಲವತ್ತೇಳು. ಆಸ್ಪತ್ರೆಯಿಂದಲೂ ಅದರ ಬಗ್ಗೆಯೇ ಕೇಳುತ್ತಿದ್ದ. "ನಲವತ್ತೇಳು ಉಂಡಿತಾ?" ನಾನು ಉಂಡೆನಾ ಎಂದು ಕೇಳಲಿಲ್ಲ, ಇರಲಿ.

ಕೊನೆಯದಾಗಿ ಎರಡು ತಿಂಗಳ ಪಂದ್ಯವನ್ನಾದರೂ ಹಾರಲಿ ಎಂದೆ. ಡೆನಿಸ್ ಒಪ್ಪಿದ.

ಎಂಟು. ಇಲ್ಲ, ಒಂಬತ್ತು.

ಏಪ್ರಿಲ್ 14, ಶನಿವಾರ

ಮೊದಲ ಪಂದ್ಯ ಇವತ್ತು.

ನಮ್ಮ ಓಣಿಯಲ್ಲಿ ಮನೆಗಳ ಹಿಂಬದಿ ಎದುರುಬದುರು, ನಡುವೆ ಬಟ್ಟೆ ಹಗ್ಗಗಳು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಪ್ಪತ್ತೆರಡು ಗೂಡಿದ್ದವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ ಯಾರೂ ಬಟ್ಟೆ ಒಣಹಾಕುತ್ತಿರಲಿಲ್ಲ. ಬಿಳಿ ಬಟ್ಟೆ ಪಟಪಟ ಅಂದರೆ ಹಕ್ಕಿ ಹೆದರಿ ಇಳಿಯುವುದಿಲ್ಲ. ದೂರದೂರಲ್ಲಿ ಬಿಟ್ಟ ಹಕ್ಕಿ ಇನ್ನೂರು ಮೈಲಿ ಹಾರಿ ಬಂದು ಮಾಡಿನ ಮೇಲೆ ಸುತ್ತು ಹೊಡೆಯುತ್ತಿದ್ದರೆ ಏನು ಬಂತು? ಅದು ಗೂಡಿಗೆ ಇಳಿದು, ನಾವು ಅದರ ಕಾಲಿನ ಪಂದ್ಯದ ರಬ್ಬರ್ ಉಂಗುರ ಬಿಚ್ಚಿ, ಸಮಯ ಗುರುತಿಸುವ ಗಡಿಯಾರದ ಪೆಟ್ಟಿಗೆಗೆ ಹಾಕಿದರೇ ಲೆಕ್ಕ. ಜಗಳವಾಡಿಕೊಂಡ ಹೆಂಗಸರೂ ಶನಿವಾರ ಒಬ್ಬರ ಬಟ್ಟೆ ಒಬ್ಬರು ತೆಗೆದಿಡುತ್ತಿದ್ದರು. ನನ್ನ ಪ್ರಕಾರ ನಾಗರಿಕತೆ ಅಂದರೆ ಅದೇ. ಕೋಟಿನವನು ಅದನ್ನು ಹೇಳಲೇ ಇಲ್ಲ.

ಇವತ್ತು ಎರಡೂ ಹತ್ತಕ್ಕೆ ನಲವತ್ತೇಳು ಕಾಣಿಸಿತು. ಡೆನಿಸ್ ಕಾಳಿನ ಡಬ್ಬಿ ಅಲ್ಲಾಡಿಸಿದ. ಇಳಿಯಲೊಲ್ಲದು. ನೋಡಿದರೆ ಹದಿನೈದನೆಯವರ ಹಗ್ಗದಲ್ಲಿ ನಾಲ್ಕು ಬಿಳಿ ಹೊದಿಕೆ, ಹಡಗಿನ ಹಾಯಿಯ ಹಾಗೆ. ಗೋಡೆಯ ಮೇಲೆ ಕತ್ತು ಹಾಕಿ ಕೂಗಿದೆ. "ಏಯ್! ಶನಿವಾರ ಕಣಮ್ಮಾ! ಇಷ್ಟೂ ಗೊತ್ತಾಗಲ್ವಾ?"

ಆ ಮನೆಯ ಸೊಸೆ ಓಡಿ ಬಂದಳು, ತಲೆಗೆ ಬಟ್ಟೆ, ಕೈ ತುಂಬ ಸೋಪಿನ ನೊರೆ. ಏನೂ ಅರ್ಥವಾಗಲಿಲ್ಲ ಪಾಪ. (ಪಾಪ ಯಾಕೆ ಬರೆದೆನೋ.) ಹಿಂದೆಯೇ ಬಂದ ಮುದುಕ ಆಕಾಶ ನೋಡಿದ, ಹೊದಿಕೆ ನೋಡಿದ, ಒಂದೇ ಉಸಿರಿಗೆ ನಾಲ್ಕನ್ನೂ ಎಳೆದು ಹಾಕಿದ. ಆಮೇಲೆ ನಾಲಿಗೆ ಮಡಚಿ ಒಂದು ಸಿಳ್ಳೆ. ನಲವತ್ತೇಳು ಕಲ್ಲು ಬಿದ್ದ ಹಾಗೆ ಗೂಡಿಗೆ ಇಳಿಯಿತು. ಒಂಬತ್ತು ನಿಮಿಷ ಹೋಯಿತು. ಏಳನೆ ಸ್ಥಾನ.

ಹನ್ನೊಂದನೆ ಮನೆಯ ಟ್ರೇಸಿಯೂ ಮಗುವಿನ ಬಟ್ಟೆ ಹಾಕಿದ್ದಳು. ಅವಳು ಇಲ್ಲೇ ಹುಟ್ಟಿದವಳು. ಅವಳಿಗೆ ಹೇಳಲಿಲ್ಲ, ಹೇಳಿದರೆ ಹೊಡೆದಾಟಕ್ಕೆ ಬರುತ್ತಾಳೆ.

ನಮ್ಮ ಹಕ್ಕಿ ಅವನ ಸಿಳ್ಳೆಗೆ ಇಳಿಯಿತಲ್ಲ! ನಾಳೆ ಅವನ ಅಂಗಳಕ್ಕೇ ಇಳಿಸಿಕೊಂಡರೆ? ಹತ್ತಕ್ಕೆ ಹತ್ತು.

ಏಪ್ರಿಲ್ 16, ಸೋಮವಾರ

ಪಕ್ಕದ ಮನೆಯ ಸೊಸೆ ಬಾಗಿಲು ತಟ್ಟಿದಳು. ಹನಾನ್ ಎಂದು ಹೆಸರು. ಕೈಯಲ್ಲಿ ತಟ್ಟೆ, ಎಲೆಯಲ್ಲಿ ಸುತ್ತಿದ ಅನ್ನದ ಸುರುಳಿಗಳು. "ಶನಿವಾರಕ್ಕೆ ಸಾರಿ, ಖಾಲ್ತಿ," ಎಂದಳು. ಖಾಲ್ತಿ ಅಂದರೆ ಬೈಗುಳವೋ ಏನೋ ಅಂದುಕೊಂಡೆ. ಚಿಕ್ಕಮ್ಮ ದೊಡ್ಡಮ್ಮ ಅಂದ ಹಾಗಂತೆ.

ಕಸಕ್ಕೆ ಹಾಕಿದೆ. ಒಳಗೆ ಏನಿದೆಯೋ ಯಾರಿಗೆ ಗೊತ್ತು. ಎರಡು ಬಿಟ್ಟು. ಹುಳಿಹುಳಿಯಾಗಿತ್ತು, ಚೆನ್ನಾಗಿತ್ತು.

ತಟ್ಟೆ ಬರಿದೇ ಕೊಡಲು ಮನಸ್ಸು ಬರಲಿಲ್ಲ. ಮೆಟ್ಟಿಲ ಕೆಳಗಿನ ಕಪಾಟಿನಿಂದ ಪೀಚ್ ಡಬ್ಬಿ ಒಂದನ್ನು ಇಟ್ಟು ಕೊಟ್ಟೆ. ಈಗ ಮೂರೇ ಉಳಿದವು. ಎಲ್ಲಾ ಮುಗಿದುಹೋದಾಗ ಆ ಒಂದು ಡಬ್ಬಿ ನೆನಪಾಗುತ್ತದೋ ಏನೋ.

ಎಂಟು.

ಏಪ್ರಿಲ್ 28, ಶನಿವಾರ

ನಲವತ್ತೇಳು ಬರಲಿಲ್ಲ. ಉಳಿದವೆಲ್ಲ ಬಂದವು. ಕತ್ತಲಾಗುವವರೆಗೆ ಡಬ್ಬಿ ಅಲ್ಲಾಡಿಸಿದೆ.

"ಪಕ್ಕದ್ಮನೆ ಪಾತ್ರೆ ನೋಡು," ಎಂದ ಡೆನಿಸ್.

ಏಪ್ರಿಲ್ 30, ಸೋಮವಾರ

ಬೆಳಿಗ್ಗೆ ಹಾಲು ತರಲು ಹಿಂಬದಿ ಓಣಿಯಿಂದ ಹೊರಟರೆ ಹದಿನೈದನೆಯವರ ಹಿಂಬಾಗಿಲಿನ ಕಾಲೊರಸಿನಲ್ಲಿ ನೀಲಿ ಗರಿ. ಪಕ್ಕದಲ್ಲಿ ಎರಡು ಹನಿ ರಕ್ತ, ಒಣಗಿದ್ದು. ಫೋನು ಮಾಡಿದ ಹತ್ತೇ ನಿಮಿಷಕ್ಕೆ ಡೆನಿಸ್ ಬಂದ, ಕೋಟಿನ ಗುಂಡಿ ಒಂದರದ್ದು ಇನ್ನೊಂದಕ್ಕೆ ಹಾಕಿಕೊಂಡು.

"ನಮ್ಮ ಹಕ್ಕಿ ಎಲ್ಲಿ?" ಬಾಗಿಲು ತೆರೆದವಳನ್ನು ಕೇಳಿದ. ಗುಡ್ ಮಾರ್ನಿಂಗ್ ಇಲ್ಲ, ಏನಿಲ್ಲ.

ಹನಾನ್ ಮುಖ ಬಿಳಚಿತು. ಮಾವನನ್ನು ಕರೆದಳು. ಅವರು ಕರೆಯದೆಯೇ ನಾವು ಒಳಗೆ ಹೋದೆವು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಡೆನಿಸ್ ನೇರ ಅಲ್ಲಿಗೇ ಹೋಗಿ ಮುಚ್ಚಳ ಎತ್ತಿದ. ಒಳಗೆ ಇಣುಕಿದ. "ಬೇಳೆ," ಎಂದ, ಯಾರೋ ತನಗೆ ಮೋಸ ಮಾಡಿದ ಹಾಗೆ.

ಮುದುಕ ಬಿಸಿನೀರಿನ ಯಂತ್ರದ ಪಕ್ಕದಿಂದ ಬಟ್ಟೆಬುಟ್ಟಿ ಎಳೆದ. ಟವೆಲ್ಲಿನ ಮೇಲೆ ನಲವತ್ತೇಳು ಕೂತಿತ್ತು. ಎದೆಯ ಗರಿ ಬೋಳು, ನಡುವೆ ಬಿಳಿ ದಾರದ ಹೊಲಿಗೆ. ನನ್ನ ನೋಡಿ ಗುಟುರು ಹಾಕಿತು.

ಡೆನಿಸ್ ಅದನ್ನು ಅಂಗೈಗೆ ತೆಗೆದುಕೊಂಡು, ಅದರ ಕಾಲುಗಳನ್ನು ತನ್ನ ಕೈಬೆರಳ ಸಂದಿಗೆ ಸಿಕ್ಕಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಯಾರು ಹೊಲಿದದ್ದು?"

"ಮಾವ," ಎಂದಳು ಹನಾನ್. "ಗಿಡುಗ ಹೊಡೆದಿತ್ತು. ಶನಿವಾರ ನಮ್ಮ ಅಂಗಳಕ್ಕೆ ಬಿತ್ತು. ಕುಡಿದ ನೀರೆಲ್ಲ ಎದೆಯಿಂದ ಸೋರ್ತಿತ್ತು."

"ಎದೆಯೊಳಗಿನ ಕಾಳಿನ ಚೀಲ ಬೇರೆ ಹೊಲಿದಿದಾನೆ, ಮೇಲಿನ ಚರ್ಮ ಬೇರೆ," ಎಂದ ಡೆನಿಸ್ ನನಗೆ. ದನಿ ಬದಲಾಗಿತ್ತು. "ನಲವತ್ತು ವರ್ಷ ಹಕ್ಕಿ ಸಾಕಿದೀನಿ. ಹೀಗೆ ನನ್ನ ಕೈಲಾಗಿಲ್ಲ. ಕ್ಲಿಫ್ ಕೈಲೂ ಆಗಿಲ್ಲ."

ನನಗೆ ಸಿಟ್ಟು ಬಂತು. "ಮತ್ತೆ ಹೇಳೋಕೇನಾಗಿತ್ತು? ಎರಡು ದಿನ ನಾನು ಊಟ ಬಿಟ್ಟು ಕೂತಿದೀನಿ. ಗೋಡೆಯಾಚೆ ಇರೋದು ನಾನು, ಚಂದ್ರಲೋಕದಲ್ಲಲ್ಲ!"

ಹನಾನ್ ಮಾವನಿಗೆ ಹೇಳಿದಳು. ಮುದುಕ ನೆಲ ನೋಡುತ್ತ ಏನೋ ಅಂದ. ಅವಳು ತಡವರಿಸಿದಳು.

"ಡಮಾಸ್ಕಸ್‌ನಲ್ಲಿ ಪಾರಿವಾಳದವನ ಮಾತು ಯಾರೂ ನಂಬಲ್ಲ, ಖಾಲ್ತಿ. ಕೋರ್ಟಲ್ಲಿ ಸಾಕ್ಷಿಗೂ ನಿಲ್ಲಿಸಲ್ಲ. ಪಕ್ಕದವನ ಹಕ್ಕೀನ ಸಿಳ್ಳೆ ಹಾಕಿ ಇಳಿಸಿ ಇಟ್ಕೊಳ್ಳೋದೇ ಅಲ್ಲಿ ಆಟ. ನಿಮ್ಮ ಹಕ್ಕಿ ನಮ್ಮನೇಲಿ ಸಿಕ್ಕಿ, ಗಿಡುಗ ಹೊಡೀತು ಅಂದಿದ್ರೆ ನೀವು ನಂಬ್ತಿದ್ರಾ? ವಾಸಿಯಾದ್ಮೇಲೆ ಹಾರಿಸೋಣ, ತಾನೇ ಹೋಗುತ್ತೆ ಅಂದ್ರು."

ಪಾತ್ರೆ ಕೊತಕೊತ ಅನ್ನುತ್ತಿತ್ತು.

"ನಂಬ್ತಿರಲಿಲ್ಲ," ಎಂದ ಡೆನಿಸ್.

ಹನಾನ್ ಅದನ್ನು ಅವರ ಮಾತಿಗೆ ತಿರುಗಿಸುವ ಮೊದಲೇ ಮುದುಕ ನಕ್ಕುಬಿಟ್ಟ. ಡೆನಿಸ್ ಕೂಡ ನಕ್ಕ. ಮುಚ್ಚಳ ಇನ್ನೂ ಅವನ ಇನ್ನೊಂದು ಕೈಯಲ್ಲೇ ಇತ್ತು.

ಆಮೇಲೆ ಒಂದು ಗಂಟೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಕೈಸನ್ನೆಯಲ್ಲೇ ರೆಕ್ಕೆ, ಕಣ್ಣು, ಮೊಟ್ಟೆ ಅಂತ ಮಾತಾಡಿದರು. ಹಿರಿಮಗನ ಹೆಸರು ಸೇರಿಸಿ ಮುದುಕನನ್ನು ಅಬು ಮುನೀರ್ ಅಂತ ಕರೆಯುತ್ತಾರೆ. ಮುನೀರನ ಅಪ್ಪ ಎಂದು. ಮುನೀರ್ ಹನಾನಳ ಗಂಡ, ಬಿಸ್ಕತ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆಯಂತೆ.

ಹೊಲಿಗೆ ಕೀವು ಹಿಡಿದರೆ? ಏಳು.

ಮೇ 3, ಗುರುವಾರ

ಕೀವು ಹಿಡಿದಿಲ್ಲ.

ಮೇ 9, ಬುಧವಾರ

ನಲವತ್ತೇಳು ಗೂಡಿಗೆ ವಾಪಸು ಬಂತು. ಅಬು ಮುನೀರ್ ದಿನಕ್ಕೆ ಎರಡು ಸಲ ಹೊಲಿಗೆ ನೋಡಲು ಬರುತ್ತಾನೆ. ಬೀಗ ತೆಗೆಯಲು ನಾನೇ ಓಡಬೇಕು, ಮೊದಲೇ ಕಾಲು ನೋವು. ಒಂದು ಬೀಗ ತೆಗೆದುಬಿಟ್ಟೆ. ಇನ್ನೊಂದರ ಕೀಲಿ ಗೋಡೆಯ ಮೇಲಿನ ಹೂಕುಂಡದ ಕೆಳಗಿಟ್ಟಿದ್ದೇನೆ, ಅವನಿಗೆ ತೋರಿಸಿದ್ದೇನೆ. ಹೂಕುಂಡ ಗಾಳಿಗೆ ಬಿದ್ದರೆ ಕೀಲಿ ಕಳೆದುಹೋಗುತ್ತದೆ, ಅದೊಂದು ಚಿಂತೆ.

ಅವನ ಮೊಮ್ಮಕ್ಕಳು ಕಾಳು ಹಾಕುತ್ತಾರೆ. ಚಿಕ್ಕವಳು ಎಲ್ಲ ಹಕ್ಕಿಗೂ ಹೆಸರಿಟ್ಟಿದ್ದಾಳೆ. ಬೇಡ ಅಂದೆ, ಕೇಳಲಿಲ್ಲ.

ಮೇ 15, ಮಂಗಳವಾರ

ಮನೆ ನೋಡಲು ದಕ್ಷಿಣದ ಕಡೆಯ ಗಂಡ ಹೆಂಡತಿ ಬಂದಿದ್ದರು. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಗೂಡು ಕಿತ್ತರೆ ಕಾರು ನಿಲ್ಲಿಸಬಹುದು ಎಂದ ಗಂಡ. ಆಮೇಲೆ ದನಿ ತಗ್ಗಿಸಿ, "ಪಕ್ಕದಲ್ಲಿ ಯಾರೋ ಹೊರಗಿನವರು ಇರೋ ಹಾಗಿದೆ?" ಎಂದ.

"ನೀವೂ ಹೊರಗಿನವರೇ ಅಲ್ವಾ?" ಎಂದೆ. ಬಾಯಿಂದ ಹೇಗೆ ಬಂತೋ. ಆಮೇಲೆ ಮಾಡು ಸೋರುತ್ತದೆ ಎಂದೂ ಹೇಳಿದೆ. ಮಾಡು ಸೋರುವುದಿಲ್ಲ. ಈ ವಯಸ್ಸಿನಲ್ಲಿ ಸುಳ್ಳು! ಬೆಳಿಗ್ಗೆಯಿಂದ ಅದೇ ಕೊರೆಯುತ್ತಿದೆ. ಬಹುಶಃ ಅವನ ಬೂಟು ಹಿಡಿಸಲಿಲ್ಲ.

ಮೇ 24, ಗುರುವಾರ

ಡೆನಿಸ್ ಬಂದ. ಫೋನು ತೋರಿಸಿದ. ಬಾಣದವನಲ್ಲ, ಡಮಾಸ್ಕಸ್‌ನ ಮಾಡುಗಳ ಮೇಲೆ ನೂರಾರು ಪಾರಿವಾಳ ಒಟ್ಟಿಗೆ ತಿರುಗುವುದು. ಮೂರು ಸಲ ನೋಡಿದೆವು.

ಆಮೇಲೆ, "ಮುಂದಿನ ಗುರುವಾರ ಮೂವತ್ತೊಂದು, ನೋರ್ಮಾ. ಕತ್ತು ಮುರಿಯೋ ದಿನ," ಎಂದ. ಕೈ ನೋಡಿಕೊಂಡ. ನಾನು ಚಹಾ ಮಾಡಲು ಎದ್ದೆ.

ಗೋಡೆಯಾಚೆ ಬಟ್ಟೆ ತೆಗೆಯುತ್ತಿದ್ದ ಹನಾನ್ ಕೇಳಿಸಿಕೊಂಡಿದ್ದಾಳೆ. ಅರ್ಧ ಗಂಟೆಗೆ ಅಬು ಮುನೀರ್ ಬಂದು ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ. ಒಳಗೆ ಬಾ ಅಂದರೂ ಬರಲಿಲ್ಲ. ಹನಾನ್ ನಿಂತು ಹೇಳಿದಳು.

"ಊರು ಬಿಡೋ ದಿನ ಮಾವನ ಹತ್ರ ತೊಂಬತ್ತು ಹಕ್ಕಿ ಇತ್ತು. ಕತ್ತು ಮುರಿಯೋಕೆ ಮನಸ್ಸು ಬರ್ಲಿಲ್ಲ. ಬಾಗಿಲು ತೆಗೆದು ಹಾರಿಸಿದ್ರು. ನಾವು ಲಾರಿ ಹತ್ತೋ ತನಕ ತಲೆ ಮೇಲೇ ಸುತ್ತುತಿದ್ವು. ಆಮೇಲೆ ಮನೆ ಬಿತ್ತು ಅಂತ ಸುದ್ದಿ ಬಂತು. ಇವತ್ತಿಗೂ ರಾತ್ರಿ ಕೇಳ್ತಾರೆ, ಮಾಡೇ ಇಲ್ದಿದ್ರೆ ಅವು ಎಲ್ಲಿ ಇಳಿದಿರ್ತವೆ ಅಂತ."

ಮುದುಕ ಎರಡು ಮಾತು ಸೇರಿಸಿದ.

"ಈ ಮನೆ ಯಾರು ತಗೋತಾರೆ ಅಂತ ಕೇಳ್ತಿದಾರೆ. ಅವರ ಕಾಲು ಹಿಡಿದಾದ್ರೂ ಗೂಡು ಉಳಿಸಿಕೊಡಿ ಅಂತ ಕೇಳ್ತಾರಂತೆ. ಗೋಡೆ ಆಚೆಯಿಂದಲೇ ಬಂದು ನೋಡ್ಕೋತಾರಂತೆ."

"ಯಾರೂ ತಗೊಂಡಿಲ್ಲ," ಎಂದೆ. "ಮಾಡು ಸೋರುತ್ತೆ."

ಡೆನಿಸ್ ಸೂರು ನೋಡಿದ, ನನ್ನ ನೋಡಿದ. "ಸೋರುತ್ತಾ?" ಎಂದ.

ಜೂನ್ ಒಂಬತ್ತಕ್ಕೆ ದಕ್ಷಿಣ ಕಡಲ ದಂಡೆಯಿಂದ ದೊಡ್ಡ ಪಂದ್ಯ ಇದೆ, ಅದು ಮುಗಿಯಲಿ ಎಂದೆ. ಡೆನಿಸ್ ತಲೆಯಾಡಿಸಿದ. ಅವನ ಮುಖದಲ್ಲಿ ರಕ್ತ ಬಂದ ಹಾಗಾಯಿತು.

ಜೂನ್ 2, ಶನಿವಾರ

ಗಾಳಿಗೆ "ಮಾರಾಟಕ್ಕಿದೆ" ಬೋರ್ಡು ಮುರಿದು ಬಿತ್ತು. ಹಲಗೆ ಗಟ್ಟಿಯಾಗಿತ್ತು, ಎಸೆಯುವುದೇಕೆ? ಡೆನಿಸ್ ಮತ್ತು ಅಬು ಮುನೀರ್ ಅದನ್ನು ಕತ್ತರಿಸಿ ಗೂಡಿನ ನೆಲಕ್ಕೆ ಬಡಿದರು. ಅಕ್ಷರದ ಬದಿ ಕೆಳಗೆ.

ಜೀನ್ ಫೋನು ಮಾಡಿ ಯಾವಾಗ ಬರುತ್ತೀ ಎಂದಳು. ಪೇಂಟು ಒಣಗಲಿ ಅಂದೆ. ಯಾವ ಪೇಂಟು ಎಂದು ಅವಳು ಕೇಳಲಿಲ್ಲ, ದೇವರು ದೊಡ್ಡವನು.

ಜೂನ್ 9, ಶನಿವಾರ

ಮೊದಲು ನನ್ನ ತಪ್ಪನ್ನು ಬರೆದುಬಿಡುತ್ತೇನೆ.

ಮುನ್ನೂರು ಮೈಲಿ, ಹೊಲಿದ ಎದೆಯ ಹಕ್ಕಿ. ಬೇಡವೆಂದು ಡೆನಿಸ್ ಹೇಳಿದ್ದ. ಅಬು ಮುನೀರ್ ಮಾತ್ರ ಅದನ್ನು ಕೈಯಲ್ಲಿ ತೂಗಿ, "ಹೋಗುತ್ತೆ, ಬರುತ್ತೆ," ಎಂದಿದ್ದ. ಅಷ್ಟು ಇಂಗ್ಲಿಷು ಕಲಿತಿದ್ದಾನೆ. ಬೆಳಿಗ್ಗೆ ಸುಮ್ಮನೆ ಕೂರಲಾಗದೆ ಹಾಸಿಗೆಯ ಹೊದಿಕೆ ತೆಗೆದೆ, ಒಗೆದೆ, ಹರವಿದೆ. ಮೆಟ್ಟಿಲ ಕೆಳಗಿನ ಕಪಾಟನ್ನೂ ಗುಡಿಸಿದೆ. ಬರೀ ಒಂದು ಬೀನ್ಸ್ ಡಬ್ಬಿ ಇತ್ತು. ಉಳಿದದ್ದೆಲ್ಲ ಎಲ್ಲಿ ಹೋಯಿತೋ. ತಟ್ಟೆಗಳ ಮೇಲೆ ಹೋಗಿರಬೇಕು.

ಮಧ್ಯಾಹ್ನ ನಾನು, ಡೆನಿಸ್, ಅಬು ಮುನೀರ್ ಮೂವರೂ ಹಿತ್ತಲಲ್ಲಿ ಸ್ಟೂಲು ಹಾಕಿ ಕೂತೆವು. ಅಬು ಮುನೀರ್ ಮನೆಯವರಿಗೆ ಉಪವಾಸದ ತಿಂಗಳು. ಡೆನಿಸ್ ಚಹಾ ಲೋಟ ಹಿಡಿದುಕೊಂಡು ಗೋಡೆ ಕಡೆ ತಿರುಗಿ, ಕದ್ದ ಹಾಗೆ ಕುಡಿಯುತ್ತಿದ್ದ. ಅಬು ಮುನೀರ್ ಅವನ ಬೆನ್ನು ತಟ್ಟಿ ಈ ಕಡೆ ತಿರುಗಿಸಿದ.

ಮೂರೂ ಇಪ್ಪತ್ತಕ್ಕೆ ಅಬು ಮುನೀರ್ ಎದ್ದು ನಿಂತ. ನನಗೆ ಇನ್ನೂ ಏನೂ ಕಾಣಿಸುತ್ತಿರಲಿಲ್ಲ. ಆಮೇಲೆ ಒಂದು ಚುಕ್ಕೆ. ಚುಕ್ಕೆಗೆ ರೆಕ್ಕೆ. ಡೆನಿಸ್, "ಅದೇ! ಅದೇ ಕಣೇ ನೋರ್ಮಾ!" ಎಂದ. ಡಬ್ಬಿ ಅಲ್ಲಾಡಿಸಿದ. ನಲವತ್ತೇಳು ಮಾಡಿನ ಮೇಲೆ ಬಂತು, ರೆಕ್ಕೆ ಮಡಚಿತು, ತಟ್ಟನೆ ಮತ್ತೆ ಮೇಲಕ್ಕೆ ಹೋಯಿತು. ಒಂದು ಸುತ್ತು. ಇನ್ನೊಂದು ಸುತ್ತು.

"ಯಾರ ಬಟ್ಟೆ ಅದು? ಯಾವ ತಲೆಕೆಟ್ಟವರು?" ಎಂದು ನಾನೇ ಚೀರಿದೆ. ಓಣಿ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಹಗ್ಗಗಳೆಲ್ಲ ಖಾಲಿ. ಟ್ರೇಸಿಯದ್ದೂ ಖಾಲಿ. ಎಷ್ಟೋ ವರ್ಷದಿಂದ ನಾನು ಹಾಗೆ ನೋಡಿರಲಿಲ್ಲ. ಶುಕ್ರವಾರ ಹನಾನ್ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳಂತೆ, ಟ್ರೇಸಿ ಬಾಗಿಲಿಗೆ ಎರಡು ಸಲ.

ಒಂದೇ ಒಂದು ಬಿಳಿ ಹೊದಿಕೆ ಪಟಪಟ ಎನ್ನುತ್ತಿತ್ತು. ನಮ್ಮ ಹಗ್ಗದ ಮೇಲೆ.

ನಾನು ಏಳುವಷ್ಟರಲ್ಲಿ ಹನಾನ್ ಗೇಟು ದೂಡಿಕೊಂಡು ಬಂದಳು. ಹೊದಿಕೆ ಎಳೆದ ರಭಸಕ್ಕೆ ಕ್ಲಿಪ್ಪುಗಳು ಡೆನಿಸ್‌ನ ತಲೆಗೆ ಬಡಿದವು. ಸೊಂಟದ ಮೇಲೆ ಕೈ ಇಟ್ಟು, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಖಾಲ್ತಿ! ಶನಿವಾರ! ಇಷ್ಟೂ ಗೊತ್ತಾಗಲ್ವಾ?"

ಟ್ರೇಸಿ ಕಿಟಕಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ನಲವತ್ತೇಳು ಇಳಿಯಿತು. ಮೂವರ ಕೈಯೂ ಒಟ್ಟಿಗೆ ಅದರ ಕಾಲಿಗೆ ಹೋಗಿ, ಉಂಗುರ ಬಿಚ್ಚಲು ಇನ್ನಷ್ಟು ತಡ. ನಾಲ್ಕನೆ ಸ್ಥಾನ. ನನ್ನ ಹೊದಿಕೆ ಇಲ್ಲದಿದ್ದರೆ ಎರಡನೆಯದು ಎಂದು ಡೆನಿಸ್ ಸಂಜೆಯವರೆಗೆ ಹೇಳುತ್ತಲೇ ಇದ್ದ. ಸೂರ್ಯ ಮುಳುಗಿದ ಮೇಲೆ ಹದಿನೈದರಲ್ಲಿ ಊಟ. ಎಲೆ ಸುರುಳಿ ಎಂಟು ತಿಂದೆ. ಜಾಸ್ತಿಯಾಯಿತು.

ಹೊರಡುವಾಗ ಡೆನಿಸ್ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತ. "ಮುಂದಿನ ವಾರಕ್ಕೆ ಯಾವ್ಯಾವ್ದನ್ನ ಕಳಿಸೋಣ?" ಎಂದು ಕೇಳಿದ. ಕ್ಲಿಫ್ ಕೇಳುತ್ತಿದ್ದ ಹಾಗೇ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್‌ವರೆಗೆ ಎಲ್ಲ ಶನಿವಾರಕ್ಕೂ ಕೆಂಪು ಗೆರೆ ಎಳೆದಿದ್ದೇನೆ, ಇನ್ನೊಮ್ಮೆ ಮಾನ ಹೋಗುವುದು ಬೇಡ. ಪುಟ ತಿರುವಿದರೆ ಎಷ್ಟೋ ದಿನ ಅಂಕ ಹಾಕುವುದೇ ಮರೆತಿದೆ. ಜೋಆನ್ ಕೇಳಿದರೆ ಏನು ಹೇಳಲಿ?

ಇವತ್ತಿನದ್ದನ್ನಾದರೂ ಹಾಕುತ್ತೇನೆ. ಮುಂದಿನ ಶನಿವಾರ ಎದುರುಗಾಳಿ ಅಂತೆ, ಮಳೆಯೂ ಬರಬಹುದಂತೆ.

ಹತ್ತಕ್ಕೆ ನಾಲ್ಕು.